ಮಾಸ್ತರರ ಶ್ರುತಿ, ಮಕ್ಕಳ ಕೊರಳು

ನಮ್ಮ ನಾಡಿನ ಯಾವ ಶಾಲೆಗೆ ಬೇಕಾದರೂ ಹೋಗಿ. ಬೆಳಿಗ್ಗೆ ಗಂಟೆ ಬಾರಿಸಿದ ಮೇಲೆ ಮಕ್ಕಳು ಸಾಲಾಗಿ ನಿಲ್ಲುತ್ತಾರೆ; ಯಾರೋ ಒಬ್ಬರು ಪ್ರಾರ್ಥನೆಯನ್ನು ಎತ್ತಿಕೊಡುತ್ತಾರೆ; ಉಳಿದವರು ಹಿಡಿದುಕೊಳ್ಳುತ್ತಾರೆ. ಎತ್ತಿಕೊಡುವವರು ಸಾಮಾನ್ಯವಾಗಿ ದೊಡ್ಡವರು. ಅವರ ಗಂಟಲಿಗೆ ಹಿತವಾದ ಎತ್ತರದಲ್ಲಿ ಹಾಡು ಶುರುವಾಗುತ್ತದೆ. ಒಂದನೆಯ ಇಯತ್ತೆಯ ಸಾಲಿನಲ್ಲಿ ನಿಂತ ಆರು ವರ್ಷದ ಕೂಸಿಗೆ ಆ ಎತ್ತರ ಹೊಂದುತ್ತದೆಯೇ ಎಂದು ಕೇಳುವವರು ಕಡಿಮೆ. ಕೂಸು ಬಾಯಿ ತೆರೆಯುತ್ತದೆ, ಕೆಳಗಿನ ಸ್ವರ ಸಿಕ್ಕದೆ ಗೊಣಗುತ್ತದೆ, ಮೇಲಿನದು ಬಂದಾಗ ಕಿರುಚುತ್ತದೆ. ಅದನ್ನೇ ನಾವು ಮಕ್ಕಳ ಹಾಡು ಎಂದು ಕರೆದು ಸಂತೋಷಪಡುತ್ತೇವೆ.

ನಾನು ಬಿ.ಎ.ಗೆ ಇತಿಹಾಸ ಓದಿದವಳು. ಬಿ.ಎಡ್. ಮುಗಿಸಿ ಶಾಲೆಗೆ ಸೇರಿದ ಮೇಲೆ ಹಾಡಿನ ತಾಸೂ ನನ್ನ ಪಾಲಿಗೆ ಬಂತು. ಸಂಗೀತ ಶಿಕ್ಷಕರಿಲ್ಲದ ಶಾಲೆಯಲ್ಲಿ, ಅಷ್ಟಿಷ್ಟು ಹಾಡಬಲ್ಲ ಹೆಂಗಸಿಗೆ ಆ ತಾಸು ತಾನಾಗಿಯೇ ಅಂಟಿಕೊಳ್ಳುತ್ತದೆ. ಇತಿಹಾಸ ಓದಿದವರಿಗೆ ಒಂದು ಚಟವಿರುತ್ತದೆ ನೋಡಿ, ಯಾವುದನ್ನು ಕಂಡರೂ ಇದು ಯಾವಾಗ ಶುರುವಾಯಿತು, ಯಾರು ಶುರುಮಾಡಿದರು ಎಂದು ಕೇಳುವುದು. ಹಾಗೆ ಕೇಳುತ್ತ ಹೋದಾಗ, ಮಗುವಿನ ಕೊರಳಿಗೆ ತನ್ನದೇ ಆದ ಒಂದು ಜಾಗವಿದೆ ಎಂಬ ಸರಳ ಸಂಗತಿಯನ್ನು ದೊಡ್ಡವರು ಕಂಡುಕೊಳ್ಳಲು ಎಷ್ಟು ಶತಮಾನ ಹಿಡಿಯಿತು ಎಂಬುದು ನನಗೆ ತಿಳಿಯಿತು.

ನಮ್ಮ ಹಿರಿಯರು ಕಂಠದ ವಿಷಯದಲ್ಲಿ ಅರಿಯದವರೇನೂ ಆಗಿರಲಿಲ್ಲ. ವೇದಪಾಠಕ್ಕೆ ಕುಳಿತವರಿಗೆ ಉಚ್ಚಾರ ಕಲಿಸಲೆಂದೇ ಶಿಕ್ಷಾ ಗ್ರಂಥಗಳು ಹುಟ್ಟಿಕೊಂಡವು. ಪಾಣಿನೀಯ ಶಿಕ್ಷೆಯಲ್ಲಿ ಹೆಣ್ಣುಹುಲಿಯ ಹೋಲಿಕೆಯೊಂದು ಬರುತ್ತದೆ. ಹುಲಿ ತನ್ನ ಮರಿಯನ್ನು ಬಾಯಲ್ಲಿ ಎತ್ತಿಕೊಂಡು ಹೋಗುವಾಗ ಹಲ್ಲೂ ನಾಟಬಾರದು, ಮರಿಯೂ ಬೀಳಬಾರದು; ಅಕ್ಷರವನ್ನು ಹಾಗೆ ಹಿಡಿಯಬೇಕಂತೆ. ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಯಾವ ಬಿ.ಎಡ್. ಪುಸ್ತಕದಲ್ಲೂ ಓದಿಲ್ಲ. ಇನ್ನು ನಾರದೀಯ ಶಿಕ್ಷೆ. ಸಾಮಗಾನದ ಸ್ವರಗಳನ್ನು ಕೈಬೆರಳುಗಳ ಮೇಲೆ ತೋರಿಸುವ ಕ್ರಮವನ್ನು ಅದು ಹೇಳುತ್ತದೆ; ಅದಕ್ಕೆ ಗಾತ್ರವೀಣೆ ಎಂದು ಹೆಸರು. ಮೈಯೇ ವೀಣೆ! ಅದೇ ಗ್ರಂಥದಲ್ಲಿ ಷಡ್ಜಕ್ಕೆ ನವಿಲು, ಋಷಭಕ್ಕೆ ಎತ್ತು, ಗಾಂಧಾರಕ್ಕೆ ಆಡು ಹೀಗೆ ನಿಷಾದದ ಆನೆಯವರೆಗೆ ಒಂದೊಂದು ಸ್ವರಕ್ಕೆ ಒಂದೊಂದು ಪ್ರಾಣಿ. ಇದನ್ನು ನಾನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗ, "ಆನಿ ದನಿ ದಪ್ಪ ಇರ್ತದಲ್ರೀ ಅಕ್ಕೋರ, ನಿ ಅಷ್ಟ ಮ್ಯಾಲ ಹೆಂಗ ಬಂತು?" ಎಂದು ಕೇಳಿದ. ಆನೆ ಘೀಳಿಡುವುದನ್ನು ಅವನು ಕೇಳಿರಲಿಲ್ಲ. ಪ್ರಶ್ನೆಯೇನೋ ಒಳ್ಳೆಯದೇ.

13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ವನ್ನು ಬರೆದ. ಸೇವುಣರ ರಾಜ್ಯದಲ್ಲಿ ನಮ್ಮ ಉತ್ತರ ಕರ್ನಾಟಕದ ಬಹುಭಾಗವೂ ಸೇರಿತ್ತಾದ್ದರಿಂದ ಈತನನ್ನು ನೆರೆಯವನೆಂದೇ ತಿಳಿಯಬಹುದು. ನಾದ ಮೂರು ಕಡೆಯಲ್ಲಿ ನೆಲೆಸುತ್ತದೆ, ಮಂದ್ರ ಎದೆಯಲ್ಲಿ, ಮಧ್ಯ ಕಂಠದಲ್ಲಿ, ತಾರ ನೆತ್ತಿಯಲ್ಲಿ ಎಂಬ ಮಾತು ಅವನಲ್ಲಿದೆ. ಪಶ್ಚಿಮದ ಗಾಯನಶಿಕ್ಷಕರು ಎದೆಯ ದನಿ, ತಲೆಯ ದನಿ ಎಂದು ಇವತ್ತಿಗೂ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಹಾಡುವವನ ಗುಣಗಳು ಯಾವುವು, ದೋಷಗಳು ಯಾವುವು ಎಂದು ಶಾರ್ಙ್ಗದೇವ ಪಟ್ಟಿಯನ್ನೇ ಕೊಡುತ್ತಾನೆ. ಆದರೆ ಅವನ ಕಣ್ಣ ಮುಂದೆ ಇದ್ದವನು ಸಭೆಯಲ್ಲಿ ಕೂತು ಹಾಡುವ ಪಳಗಿದ ಗಾಯಕ. ಹಲ್ಲು ಬಿದ್ದ ಬಾಯಲ್ಲಿ ಗಾಳಿ ಬಿಡುತ್ತ ಹಾಡುವ ಕೂಸಲ್ಲ.

ಮಕ್ಕಳನ್ನು ಮುಂದೆ ಕೂರಿಸಿಕೊಂಡು ತಲೆ ಕೆಡಿಸಿಕೊಂಡವರಲ್ಲಿ ಹಳಬ ಇಟಲಿಯ ಗೀದೋ ಎಂಬ ಸನ್ಯಾಸಿ. ಅರೆಜ್ಜೋ ಪಟ್ಟಣದ ದೊಡ್ಡ ಇಗರ್ಜಿಯಲ್ಲಿ ಹಾಡುವ ಹುಡುಗರಿಗೆ ಪಾಠ ಹೇಳುವುದು ಅವನ ಕೆಲಸ. ಆಗೆಲ್ಲ ಪ್ರಾರ್ಥನಾಗೀತೆಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಬೇಕಿತ್ತು. ಹತ್ತು ವರ್ಷ ದುಡಿದರೂ ಹುಡುಗರಿಗೆ ಹೊಸ ಹಾಡೊಂದನ್ನು ತಾವಾಗಿ ಹಾಡಲು ಬರುವುದಿಲ್ಲ, ನನ್ನ ಕ್ರಮದಲ್ಲಾದರೆ ಒಂದು, ಹೆಚ್ಚೆಂದರೆ ಎರಡು ವರ್ಷ ಸಾಕು ಎಂದು ಅವನು ಗೆಳೆಯನಿಗೆ ಬರೆದ. 1026ರ ಸುಮಾರಿಗೆ ಅವನ ‘ಮೈಕ್ರೊಲೋಗಸ್’ ಎಂಬ ಪಾಠಗ್ರಂಥ ಬಂತು. ಹುಡುಗರಿಗೆ ಗೊತ್ತಿದ್ದ ಒಂದು ಸ್ತೋತ್ರದಲ್ಲಿ ಪ್ರತಿ ಪಾದವೂ ಹಿಂದಿನದಕ್ಕಿಂತ ಒಂದು ಸ್ವರ ಮೇಲಿನಿಂದ ಶುರುವಾಗುತ್ತಿತ್ತು. ಆ ಪಾದಗಳ ಮೊದಲ ಅಕ್ಷರಗಳನ್ನೇ ಆಯ್ದು ಉತ್, ರೆ, ಮಿ, ಫಾ, ಸೋಲ್, ಲಾ ಎಂದು ಸ್ವರಗಳಿಗೆ ಹೆಸರಿಟ್ಟ. ಮುಂದೆ ‘ಉತ್’ ಹೋಗಿ ‘ದೋ’ ಬಂತು, ಏಳನೆಯದಾಗಿ ‘ಸಿ’ ಸೇರಿತು. ಕೈಬೆರಳಿನ ಗೆಣ್ಣುಗಳ ಮೇಲೆ ಸ್ವರ ತೋರಿಸುವ ‘ಗೀದೋನ ಕೈ’ ಕೂಡ ಯುರೋಪಿನಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಅವನ ಬರಹಗಳಲ್ಲಿ ಅದರ ಚಿತ್ರವಿಲ್ಲ, ಹೆಸರು ಮಾತ್ರ ಅವನದು. ನಮ್ಮ ಗಾತ್ರವೀಣೆಗೂ ಆ ಕೈಗೂ ಸಂಬಂಧ ಕಲ್ಪಿಸಲು ಹೋಗುವುದು ಬೇಡ. ಪಾಠ ಹೇಳುವವರಿಗೆ ಎಲ್ಲ ದೇಶದಲ್ಲೂ ಇರುವ ಉಪಕರಣ ಕೈಯೊಂದೇ ತಾನೆ!

ನಮ್ಮಲ್ಲಿ ಎಳೆಯರಿಗೆ ಪಾಠಕ್ರಮ ಹಾಕಿಕೊಟ್ಟವರು ಎಂದೊಡನೆ ನೆನಪಾಗುವವರು ಪುರಂದರದಾಸರು (1484-1564). ಸರಳೆ, ಜಂಟಿ, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆಗಳು ಎಂಬ ಮೆಟ್ಟಿಲುಗಳೂ ಅವಕ್ಕೆ ಮಾಯಾಮಾಳವಗೌಳ ರಾಗವೂ ಅವರಿಂದಲೇ ಬಂದವೆಂದು ಸಂಪ್ರದಾಯ ನಂಬುತ್ತದೆ. ಆ ರಾಗದಲ್ಲಿ ಕೆಳಗಿನ ಅರ್ಧವೂ ಮೇಲಿನ ಅರ್ಧವೂ ಒಂದೇ ಅಚ್ಚಿನವು: ಸ-ರಿ ಎಷ್ಟು ಹತ್ತಿರವೋ ಪ-ದ ಅಷ್ಟೇ ಹತ್ತಿರ, ರಿ-ಗ ಎಷ್ಟು ದೂರವೋ ದ-ನಿ ಅಷ್ಟೇ ದೂರ. ಒಂದನ್ನು ಕಲಿತ ಮಗುವಿಗೆ ಇನ್ನೊಂದು ಅರ್ಧ ಬಿಟ್ಟಿ ಸಿಕ್ಕಂತೆ. ನಮ್ಮ ಧಾರವಾಡದ ಕಡೆ ಹಿಂದುಸ್ತಾನಿ ಪದ್ಧತಿಯವರು ಶುದ್ಧ ಸ್ವರಗಳ ಬಿಲಾವಲದಿಂದ ಶುರುಮಾಡುತ್ತಾರೆ. ಯಾವುದು ಮೇಲೆಂದು ಇವರೂ ಅವರೂ ವಾದ ಮಾಡುವುದನ್ನು ಮದುವೆ ಮನೆಗಳಲ್ಲಿ ಕೇಳಿದ್ದೇನೆ. ನನ್ನ ಮಟ್ಟಿಗೆ ಆ ವಾದಕ್ಕಿಂತ ದೊಡ್ಡದು ‘ಸ’ ಎಲ್ಲಿ ಎಂಬ ಪ್ರಶ್ನೆ. ನಮ್ಮ ಸಂಗೀತದ ಒಂದು ದೊಡ್ಡ ಉಪಕಾರವೆಂದರೆ ಷಡ್ಜಕ್ಕೆ ಕಟ್ಟಿಹಾಕಿದ ಗೂಟವಿಲ್ಲ. ಯಾರ ಕಂಠಕ್ಕೆ ಎಲ್ಲಿ ಹಿತವೋ ಅಲ್ಲಿ ಇಟ್ಟುಕೊಳ್ಳಬಹುದು. ಇಷ್ಟು ಸಲೀಸಾದ ವ್ಯವಸ್ಥೆ ಕೈಯಲ್ಲಿದ್ದೂ ಪಾಠದ ಮನೆಯಲ್ಲಿ ‘ಸ’ ಇರುವುದು ಗುರುಗಳ ಗಂಟಲಿನಲ್ಲಿ, ಅಥವಾ ಅವರ ಶ್ರುತಿಪೆಟ್ಟಿಗೆ ಯಾವ ಮನೆಗೆ ನಿಂತಿದೆಯೋ ಅಲ್ಲಿ.

ಸಂಚರಿಸುವ ಷಡ್ಜ ಶಾಲೆಯ ಮಕ್ಕಳಿಗೆ ಎಷ್ಟು ಅನುಕೂಲ ಎಂಬುದನ್ನು ಇಂಗ್ಲೆಂಡಿನ ಒಬ್ಬ ಶಾಲೆಯ ಅಕ್ಕೋರು ತಾವಾಗಿಯೇ ಕಂಡುಕೊಂಡರು. ಆಕೆಯ ಹೆಸರು ಸಾರಾ ಗ್ಲೋವರ್. 1786ರಲ್ಲಿ ನಾರಿಚ್ ಪಟ್ಟಣದಲ್ಲಿ ಹುಟ್ಟಿದ ಪಾದ್ರಿಯ ಮಗಳು, ಮದುವೆಯಾಗಲಿಲ್ಲ, ಬಡ ಹೆಣ್ಣುಮಕ್ಕಳ ಶಾಲೆಯಲ್ಲಿ ಹಾಡು ಕಲಿಸುತ್ತಿದ್ದರು. ಐದು ಗೆರೆಗಳ ಮೇಲೆ ಚುಕ್ಕಿ ಬರೆಯುವ ಯುರೋಪಿನ ಸ್ವರಲಿಪಿ ಆ ಮಕ್ಕಳಿಗೆ ಕಬ್ಬಿಣದ ಕಡಲೆ. ಆಕೆ ಅದನ್ನು ಪಕ್ಕಕ್ಕಿಟ್ಟು, ಸ್ವರಗಳ ಹೆಸರುಗಳನ್ನು ಏಣಿಯಂತೆ ಒಂದರ ಮೇಲೊಂದು ಬರೆದು ಗೋಡೆಗೆ ತೂಗುಹಾಕಿದರು. ಬೆತ್ತದಿಂದ ಮೆಟ್ಟಿಲನ್ನು ತೋರಿಸಿದರೆ ಮಕ್ಕಳು ಆ ಸ್ವರ ಹಾಡಬೇಕು. ಬೆತ್ತಕ್ಕೆ ಇಷ್ಟು ಒಳ್ಳೆಯ ಉಪಯೋಗ ಶಾಲೆಗಳ ಇತಿಹಾಸದಲ್ಲಿ ವಿರಳ. ಏಣಿಯ ಬುಡದ ‘ದೋ’ ಯಾವ ಎತ್ತರಕ್ಕಾದರೂ ಕೂಡಬಹುದಿತ್ತು. ಬರೆಯಲು ಪ್ರತಿ ಸ್ವರದ ಮೊದಲ ಅಕ್ಷರ ಸಾಕು ಎಂದುಕೊಂಡಾಗ ಒಂದು ತೊಡಕು ಬಂತು. ಸೋಲ್, ಸಿ ಎರಡಕ್ಕೂ ಇಂಗ್ಲಿಷಿನಲ್ಲಿ ಮೊದಲಕ್ಷರ ಒಂದೇ. ಆಕೆ ‘ಸಿ’ಯನ್ನು ‘ತೀ’ ಎಂದು ಬದಲಾಯಿಸಿಬಿಟ್ಟರು. ಸ ರಿ ಗ ಮ ಪ ದ ನಿ ಎಂದು ಏಳಕ್ಕೂ ಏಳು ಬೇರೆ ಬೇರೆ ಅಕ್ಷರವಿಟ್ಟುಕೊಂಡ ನಮಗೆ ಆ ತೊಡಕು ಎಂದೂ ಬಂದೇ ಇರಲಿಲ್ಲ ಎಂದು ಓದುವಾಗ ನನಗೆ ಸ್ವಲ್ಪ ಜಂಬವೇ ಆಯಿತು.

1835ರಲ್ಲಿ ಗ್ಲೋವರ್ ತಮ್ಮ ಪದ್ಧತಿಯನ್ನು ಪುಸ್ತಕವಾಗಿ ಪ್ರಕಟಿಸಿದರು. 1841ರಲ್ಲಿ ಹಲ್ ಪಟ್ಟಣದಲ್ಲಿ ಭಾನುವಾರದ ಶಾಲೆಗಳ ಶಿಕ್ಷಕರು ಸಭೆ ಸೇರಿ, ಮಕ್ಕಳಿಗೆ ಹಾಡು ಕಲಿಸುವ ಅತಿ ಸುಲಭ ದಾರಿಯನ್ನು ಹುಡುಕಿ ಕೊಡಬೇಕೆಂದು ಜಾನ್ ಕರ್ವೆನ್ ಎಂಬ ಯುವಕ ಪಾದ್ರಿಗೆ ಒಪ್ಪಿಸಿದರು. ಅವನಿಗೆ ಸಂಗೀತದ ತಾಲೀಮು ಇರಲಿಲ್ಲ. ಗ್ಲೋವರರ ಪುಸ್ತಕ ಕೈಗೆ ಬಂದಾಗ ಅದರಿಂದ ತಾನೇ ಮೊದಲು ಕಲಿತ, ಆಮೇಲೆ ಅದನ್ನು ತಿದ್ದಿ ‘ಟಾನಿಕ್ ಸೋಲ್‌ಫಾ’ ಎಂದು ದೇಶದ ತುಂಬ ಹರಡಿದ. ಸ್ವರಕ್ಕೊಂದು ಕೈಸನ್ನೆಯನ್ನೂ ಸೇರಿಸಿದ: ಮುಷ್ಟಿ ಕಟ್ಟಿದರೆ ದೋ, ಅಂಗೈ ಒಳಮುಖವಾಗಿ ಅಡ್ಡ ಹಿಡಿದರೆ ಸೋಲ್. ಹೆಸರು ಅವನಿಗೆ ಬಂತು. ಗ್ಲೋವರರ ಋಣವನ್ನು ಅವನು ಮುಚ್ಚಿಡಲಿಲ್ಲ ನಿಜ. ಆದರೂ ಇವತ್ತು ಕೈಸನ್ನೆ ಮಾಡಿ ಪಾಠ ಹೇಳುವವರಲ್ಲಿ ನಾರಿಚ್ ಅಕ್ಕೋರನ್ನು ನೆನೆಯುವವರು ಎಷ್ಟು ಮಂದಿ? ಈ ಪದ್ಧತಿ ಪಾದ್ರಿಗಳ ಜೊತೆ ಹಡಗು ಹತ್ತಿ ದೇಶದೇಶಕ್ಕೆ ಹೋಯಿತು. ನಮ್ಮ ಮಿಜೋರಾಮಿನಲ್ಲಿ ವೇಲ್ಸ್ ದೇಶದ ಮಿಷನರಿಗಳು ಬಿಟ್ಟುಹೋದ ಈ ಸ್ವರಲಿಪಿಯಲ್ಲೇ ಇವತ್ತಿಗೂ ಊರಿಗೆ ಊರೇ ಹಾಡುತ್ತದೆ.

ಇಷ್ಟಾದರೂ ಮಗುವಿನ ಕೊರಳಿಗೆ ಪೂರಾ ನ್ಯಾಯ ಸಿಕ್ಕಿತೆನ್ನಲಾರೆ. 1882ರಲ್ಲಿ ಇಂಗ್ಲೆಂಡಿನ ಸರಕಾರ, ಸ್ವರ ಓದಿ ಹಾಡಿದರೆ ಮಗುವೊಂದಕ್ಕೆ ಒಂದು ಷಿಲಿಂಗು, ಬರೀ ಕೇಳಿ ಹಾಡಿದರೆ ಅರ್ಧ ಷಿಲಿಂಗು ಎಂದು ಶಾಲೆಗಳಿಗೆ ಅನುದಾನ ಗೊತ್ತುಮಾಡಿತು. ಅನುದಾನ ಬಂದಲ್ಲಿ ಇನ್‌ಸ್ಪೆಕ್ಟರ ಸಾಹೇಬರೂ ಬರುತ್ತಾರೆ. ಸಾಹೇಬರ ಎದುರು ಮಕ್ಕಳು ಹೇಗೆ ಹಾಡುತ್ತಾರೆಂದು ನಾನು ನಿಮಗೆ ಹೇಳಬೇಕಾಗಿಲ್ಲ, ಜೋರಾಗಿ! ಸ್ವರಕ್ಕೆ ಸೇರದ ಮಕ್ಕಳಿಗೆ ಅಲ್ಲಿ ‘ಗುರುಗುಟ್ಟುವವರು’ ಎಂಬ ಅರ್ಥದ ಹೆಸರು. ಅಮೆರಿಕದಲ್ಲಿ ಅಂಥವರನ್ನು ‘ಒಂಟಿಸ್ವರದವರು’ ಎನ್ನುತ್ತಿದ್ದರು. ನಾವೇನು ಕಡಿಮೆಯೇ? ಕತ್ತೆಯ ಕೊರಳು ಎನ್ನುತ್ತೇವೆ. ಹೆಸರು ಇಟ್ಟ ಮೇಲೆ ಆ ಮಗುವನ್ನು ಹಿಂದಿನ ಸಾಲಿಗೆ ಕಳಿಸುವುದು ಸುಲಭ.

ಹಿಂದಿನ ಸಾಲು ಎಂದೆನಲ್ಲ, ಅಲ್ಲಿ ನಾನೂ ನಿಂತಿದ್ದೆ. ಮೂರನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಗ್ಯಾದರಿಂಗಿಗೆ ಮೇಳಗೀತ ಕೂರಿಸುತ್ತಿದ್ದರು. ಹಾಡಿಸುತ್ತಿದ್ದ ಮಾಸ್ತರರು ಗಂಭೀರ ಕಂಠದವರು. ಪೇಟಿಯನ್ನು ತಮ್ಮ ಕಂಠಕ್ಕೆ ಸರಿಯಾಗಿ ಹಿಡಿದಿದ್ದರು. ನನ್ನದು ತೆಳ್ಳಗಿನ, ಮೇಲೆ ತೇಲುವ ದನಿ. ಪದದ ಕೆಳಗಿನ ಸ್ವರಗಳು ನನ್ನ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಎರಡು ದಿನ ನೋಡಿ ಮೂರನೆಯ ದಿನ, "ನೀ ಬರೇ ಬಾಯಿ ಆಡಸವಾ, ದನಿ ತಗೀಬ್ಯಾಡ" ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಗದರಲೂ ಇಲ್ಲ. ಗ್ಯಾದರಿಂಗಿನ ದಿನ ಹೊಸ ಲಂಗ ಉಟ್ಟುಕೊಂಡು, ಹೂ ಮುಡಿದು, ಬಾಯಿ ಆಡಿಸಿದೆ. ನಮ್ಮವ್ವ ಕೆಳಗೆ ಕೂತು ನನ್ನ ದನಿ ಎಲ್ಲರಿಗಿಂತ ಚೆನ್ನಾಗಿ ಕೇಳಿಸಿತೆಂದು ಮನೆಯಲ್ಲಿ ಹೇಳಿದಳು. ಆ ಮಾತಿಗೆ ನಾನು ಏನೂ ಹೇಳಲಿಲ್ಲ. ಎಂಟು ವರ್ಷದ ಕೂಸಿಗೆ ತನ್ನ ಕೊರಳಿನ ಬಗ್ಗೆ ಯಾರಾದರೂ ಒಮ್ಮೆ ಒಂದು ಮಾತು ಹೇಳಿದರೆ ಅದು ನಲವತ್ತು ವರ್ಷ ಉಳಿಯುತ್ತದೆ. ಆಮೇಲೆ ಹೈಸ್ಕೂಲು ಮುಗಿಯುವ ತನಕ ನಾಲ್ಕು ಮಂದಿಯ ನಡುವೆ ನಾನು ಬಾಯಿಬಿಟ್ಟು ಹಾಡಿದ್ದಿಲ್ಲ.

ಮನೆಯಲ್ಲಿ ಮಾತ್ರ ಹಾಡುತ್ತಿದ್ದೆ. ನಮ್ಮ ಅಮ್ಮ, ಎಂದರೆ ತಂದೆಯ ತಾಯಿ, ಬೀಸುಕಲ್ಲಿನ ಎದುರು ಕೂತು ತ್ರಿಪದಿ ಎತ್ತಿಕೊಂಡರೆ ನಾನು ಇನ್ನೊಂದು ಕೈ ಹಚ್ಚಿ ಸೊಲ್ಲು ಕೂಡಿಸುತ್ತಿದ್ದೆ. ಬೀಸುವ ಪದಗಳ ಧಾಟಿ ನಾಲ್ಕೈದು ಸ್ವರಗಳಲ್ಲಿ ಮುಗಿದುಹೋಗುತ್ತದೆ. ಎಲ್ಲೂ ಹಾರುವುದಿಲ್ಲ, ಧುಮುಕುವುದಿಲ್ಲ. ಎತ್ತರವೋ, ಅವತ್ತು ಬೀಸುವವರಿಗೆ ಹೇಗೆ ಬಂತೋ ಹಾಗೆ. ನನ್ನನ್ನು ಮುಂದೆ ಕೂರಿಸಿಕೊಂಡಾಗ ಅಮ್ಮ ಸ್ವಲ್ಪ ಮೇಲಿನಿಂದಲೇ ಎತ್ತಿಕೊಳ್ಳುತ್ತಿದ್ದಳು. ಯಾರೂ ಅವಳಿಗೆ ಕಲಿಸಿದ್ದಲ್ಲ.

ಅಮ್ಮ ಬೀಸುಕಲ್ಲಿನ ಮುಂದೆ ಮಾಡುತ್ತಿದ್ದದ್ದನ್ನು ಶಾಲೆಯ ಪಾಠಕ್ರಮವಾಗಿ ಮಾಡಿದವರು ಹಂಗೇರಿಯ ಜೋಲ್ತಾನ್ ಕೊಡಾಯ್ (1882-1967) ಎಂದು ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ಕೊಡಾಯ್ ದೊಡ್ಡ ಸಂಗೀತ ರಚನಕಾರರು. ಗೆಳೆಯ ಬಾರ್ತೋಕ್ ಜೊತೆಗೂಡಿ ಹಳ್ಳಿಹಳ್ಳಿ ಸುತ್ತಿ ಜನಪದ ಹಾಡುಗಳನ್ನು ಕೂಡಿಹಾಕಿದವರು. 1925ರ ಸುಮಾರಿಗೆ, ಶಿಕ್ಷಕಿಯರಾಗಲು ಓದುತ್ತಿದ್ದ ಹುಡುಗಿಯರು ಹಾಡಿದ್ದನ್ನು ಕೇಳಿ ಅವರಿಗೆ ಸಂಕಟವಾಯಿತಂತೆ. ನಾಳೆ ಮಕ್ಕಳಿಗೆ ಕಲಿಸುವವರೇ ಹೀಗೆ ಹಾಡಿದರೆ ಗತಿಯೇನು? ಅಂದಿನಿಂದ ತಮ್ಮ ದೊಡ್ಡ ರಚನೆಗಳ ಜೊತೆಗೇ ಮಕ್ಕಳಿಗಾಗಿ ಎರಡು ದನಿಯ ಚಿಕ್ಕ ಚಿಕ್ಕ ಅಭ್ಯಾಸಗಳನ್ನೂ ಬರೆಯುತ್ತ ಹೋದರು. ಮೊದಲ ಪಾಠಗಳಲ್ಲಿ ಎರಡು ಮೂರು ಸ್ವರ. ಆಮೇಲೆ ಐದು, ಅದೂ ಹಂಗೇರಿಯ ಹಳ್ಳಿಯ ಹಾಡುಗಳಲ್ಲಿ ಬರುವ ಐದು. ವಾದ್ಯದ ಗದ್ದಲ ಬೇಡ, ಕೊರಳಿಗೆ ಕೊರಳೇ ಶ್ರುತಿ. ಕರ್ವೆನ್ನನ ಕೈಸನ್ನೆಗಳೂ, ಸಂಚರಿಸುವ ದೋ ಕೂಡ ಅಲ್ಲಿಗೆ ಹೋದವು. 1950ರಲ್ಲಿ ಅವರ ಹುಟ್ಟೂರು ಕೆಚ್ಕೆಮೇಟಿನಲ್ಲಿ, ದಿನವೂ ಹಾಡಿನ ಪಾಠವಿರುವ ಮೊದಲ ಪ್ರಾಥಮಿಕ ಶಾಲೆ ಶುರುವಾಯಿತು. 1964ರಲ್ಲಿ ಸಂಗೀತ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ಬುಡಾಪೆಸ್ಟಿನಲ್ಲಿ ನಡೆದಾಗ ಜಗತ್ತು ಆ ಮಕ್ಕಳ ದನಿಯನ್ನು ಕೇಳಿತು.

ಇತ್ತ ನಮ್ಮ ಕನ್ನಡದಲ್ಲಿ ಮಕ್ಕಳ ಬಾಯಿಗೆ ಸರಿಹೊಂದುವ ಹಾಡು ಬೇಕೆಂದು ಹಂಬಲಿಸಿದ ಮೊದಲಿಗರಲ್ಲಿ ಪಂಜೆ ಮಂಗೇಶರಾಯರು (1874-1937) ಒಬ್ಬರು. ಮಂಗಳೂರಿನಲ್ಲಿ ಮಾಸ್ತರಿಕೆ, ಶಾಲಾ ಇನ್‌ಸ್ಪೆಕ್ಟರಿಕೆ, ಕೊಡಗಿನಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯಗಿರಿ – ಜೀವಮಾನವೆಲ್ಲ ಮಕ್ಕಳ ನಡುವೆಯೇ ಕಳೆಯಿತು. ಅವರು ಹಾವಿನ ಮೇಲೆ, ಗಾಳಿಯ ಮೇಲೆ ಬರೆದ ಪದ್ಯಗಳನ್ನು ಓದಿದರೆ ಸಾಲದು, ಕುಣಿಯಬೇಕು. ಕುಣಿಯುವ ಮಗು ಕತ್ತು ಬಿಗಿಹಿಡಿಯುವುದಿಲ್ಲ. ಹಾಡಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೂರ್ವಸಿದ್ಧತೆ ನನಗೆ ಗೊತ್ತಿಲ್ಲ. ಇನ್‌ಸ್ಪೆಕ್ಟರರೇ ಇಂಥವರಾದರೆ ಶಾಲೆಗಳು ಜೋರಾಗಿ ಕಿರುಚಬೇಕಾದ ಅಗತ್ಯವೆಲ್ಲಿ?

ಹುಬ್ಬಳ್ಳಿ-ಧಾರವಾಡದ ಕಡೆಯವರು ದೊಡ್ಡ ಗಾಯಕರ ಬಾಲ್ಯವನ್ನು ನೆನೆಯದೆ ಈ ಮಾತು ಮುಗಿಸಲಾರರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ ಒಬ್ಬರು. ಮುಂದೆ ನಾವೆಲ್ಲ ಕೇಳಿದ ಆ ಗಂಡುಮೆಟ್ಟಿನ ಕಂಠ ಆಗ ಅವರದಾಗಿರಲಿಲ್ಲ. 1930ರ ದಶಕದ ಮೊದಲಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ತಟ್ಟೆಗಳಲ್ಲಿ ತೆಳುವಾದ, ಏರುದನಿಯ ಹುಡುಗಿಯೊಬ್ಬಳು ಹಾಡುತ್ತಾಳೆ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ದನಿ ಕೆಳಗಿಳಿಯಿತು. ದನಿ ಹೋಯಿತೆಂದು ಕೂರದೆ ಅದು ಇಳಿದ ಜಾಗದಲ್ಲೇ ಅವರು ಹೊಸದಾಗಿ ಮನೆ ಕಟ್ಟಿದರು. ಸುಳೇಭಾವಿಯ ಶಿವಪುತ್ರ ಕೊಂಕಾಳಿಮಠ, ಎಂದರೆ ಕುಮಾರ ಗಂಧರ್ವರು, ಹತ್ತು ಹನ್ನೊಂದರ ವಯಸ್ಸಿಗೇ ಹಿರಿಯ ಉಸ್ತಾದರ ತಟ್ಟೆಗಳನ್ನು ಕೇಳಿ ಹಾಗೆಯೇ ಒಪ್ಪಿಸಿ ಜನರನ್ನು ಬೆರಗುಗೊಳಿಸಿದವರು. ಅವರನ್ನು ಮುಂಬಯಿಯಲ್ಲಿ ಪಾಠಕ್ಕೆ ತೆಗೆದುಕೊಂಡ ಬಿ. ಆರ್. ದೇವಧರ ಮಾಸ್ತರರು ಕಂಠಸಾಧನೆಯನ್ನು ಶಾಸ್ತ್ರವಾಗಿ ಅಭ್ಯಾಸಮಾಡಿದ್ದವರು ಎಂಬುದು ನಮ್ಮ ಭಾಗ್ಯ. ಮಲ್ಲಿಕಾರ್ಜುನ ಮನಸೂರರೂ ಎಳವೆಯಲ್ಲಿ ನಾಟಕ ಕಂಪನಿಯಲ್ಲಿ ಹಾಡಿದವರು. ಮೈಕು ಇಲ್ಲದ ಆ ಕಾಲದಲ್ಲಿ ಕಟ್ಟಕಡೆಯ ಪ್ರೇಕ್ಷಕನಿಗೆ ಕೇಳಿಸುವಂತೆ ರಾತ್ರಿಯೆಲ್ಲ ಹಾಡಿದ ಹುಡುಗರಲ್ಲಿ ಮನಸೂರರಾದವರು ಒಬ್ಬರು. ಉಳಿದವರ ಕೊರಳು ಏನಾಯಿತೆಂದು ಯಾರೂ ಬರೆದಿಡಲಿಲ್ಲ. ಇತಿಹಾಸ ಗೆದ್ದವರ ದಿನಚರಿಯನ್ನೇ ಹೆಚ್ಚು ಜೋಪಾನಮಾಡುತ್ತದೆ.

ಕೊರಳೊಳಗೆ ಏನಿದೆ ಎಂಬುದನ್ನು ಹಾಡುತ್ತಿರುವಾಗಲೇ ಕಂಡು ಮೊದಲು ವಿವರವಾಗಿ ವರದಿ ಮಾಡಿದವನು ವೈದ್ಯನಲ್ಲ, ಹಾಡಿನ ಮಾಸ್ತರ. ಮಾನ್ಯುಯೆಲ್ ಗಾರ್ಸಿಯಾ 1854ರಲ್ಲಿ ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯೊಂದನ್ನು ಬಾಯೊಳಗಿಟ್ಟು, ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ, ತನ್ನ ಧ್ವನಿತಂತುಗಳು ತೆರೆದು ಮುಚ್ಚುವುದನ್ನು ತಾನೇ ನೋಡಿಕೊಂಡ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಆ ವಿಷಯ ಬರೆದು ಕಳಿಸಿದ. 1885ರಲ್ಲಿ ಬೆಂಕೆ ಎಂಬ ಧ್ವನಿಶಿಕ್ಷಕನೂ ಲೆನಾಕ್ಸ್ ಬ್ರೌನ್ ಎಂಬ ಗಂಟಲಿನ ವೈದ್ಯನೂ ಕೂಡಿ ಮಗುವಿನ ದನಿಯ ಮೇಲೆಯೇ ಒಂದು ಪುಸ್ತಕ ಬರೆದರು. ನೂರು ವರ್ಷದ ತರುವಾಯ ಜಪಾನಿನ ಮಿನೋರು ಹಿರಾನೋ ಮತ್ತು ಅವರ ಸಂಗಡಿಗರು ಹುಟ್ಟಿದ ಕೂಸಿನಿಂದ ಮುದುಕರವರೆಗಿನ ಧ್ವನಿತಂತುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಹುಟ್ಟಿದ ಕೂಸಿನ ತಂತು ಕೆಲವೇ ಮಿಲಿಮೀಟರು ಉದ್ದ. ದೊಡ್ಡವರ ತಂತುವಿನ ನಡುವೆ ಇರುವ ಗಟ್ಟಿ ನಾರು ಅದರಲ್ಲಿ ಇರುವುದೇ ಇಲ್ಲ. ಮೂರು ನಾಲ್ಕು ವರ್ಷದೊಳಗೆ ಎಳೆಯದಾಗಿ ಕಾಣಿಸಿಕೊಂಡು, ಹರೆಯದ ಹೊತ್ತಿಗೆ ಬಲಿಯುತ್ತದೆ. ಹಾಗಿರುವಾಗ ಏಳು ವರ್ಷದ ಕಂಠವನ್ನು ದೊಡ್ಡವರ ಕಂಠದ ಚಿಕ್ಕ ನಮೂನೆ ಎಂದು ತಿಳಿದು ‘ಇನ್ನೂ ಜೋರಾಗಿ’ ಎನ್ನುವುದು, ಕರುವಿನ ಹೆಗಲಿಗೆ ನೊಗ ಕಟ್ಟಿದಂತೆ. ಸದಾ ಕಿರುಚುವ ಮಕ್ಕಳ ಧ್ವನಿತಂತುಗಳಲ್ಲಿ ಗಂಟು ಕಟ್ಟಿ ದನಿ ಒಡಕಾಗುವುದನ್ನು ಕಿವಿ-ಮೂಗು-ಗಂಟಲಿನ ವೈದ್ಯರು ದಿನವೂ ನೋಡುತ್ತಾರೆ. ಅವರ ದವಾಖಾನೆಯಲ್ಲಿ ನಮ್ಮ ಶಿಕ್ಷಕ ವೃತ್ತಿಯವರೂ ಸಾಕಷ್ಟು ಮಂದಿ ಸಿಕ್ಕುತ್ತಾರೆನ್ನಿ.

ಹಾಗಾದರೆ ಮಕ್ಕಳ ಶ್ರುತಿ ಎಲ್ಲಿ? ಪೇಟಿಯ ನಡುವಿನ ಸಪ್ತಕದಲ್ಲಿ ಬಿಳಿ ಎರಡರಿಂದ ಬಿಳಿ ಆರರವರೆಗಿನ ಜಾಗ ಆರೇಳು ವರ್ಷದ ಬಹುತೇಕ ಮಕ್ಕಳಿಗೆ ಆರಾಮದ್ದು. ಹೆಂಗಸರು ಹಾಡಲು ಕೂತಾಗ ಹಿಡಿಯುವ ಬಿಳಿ ಐದು ಅದಕ್ಕಿಂತ ಕೆಳಗಿನ ಸಪ್ತಕದ್ದು. ಗಂಡಸರದಂತೂ ಇನ್ನೂ ಕೆಳಗೆ. ಆ ಷಡ್ಜದಿಂದ ಸರಳೆ ಶುರುವಾದರೆ ಮಗುವಿನ ಪಾಲಿಗೆ ಮೊದಲ ಎರಡು ಮೂರು ಸ್ವರಗಳು ನೆಲಮಾಳಿಗೆ. ರಾಷ್ಟ್ರಗೀತೆಯದು ಇನ್ನೊಂದು ಕಷ್ಟ. ಶುರುವಿನ ತಗ್ಗಿನಿಂದ ಕೊನೆಯ ಜಯಘೋಷದವರೆಗೆ ಒಂದು ಸಪ್ತಕದಷ್ಟು ಹರಡಿಕೊಂಡಿದೆ. ಎತ್ತಿಕೊಂಡ ಜಾಗ ತಪ್ಪಿದರೆ ಒಂದು ತುದಿಯಾದರೂ ಕೆಡುತ್ತದೆ. ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷದ ಅವಧಿ ಎಂದು 2022ರಲ್ಲಿ ಸರಕಾರ ಆದೇಶ ಮಾಡಿತು, ಒಳ್ಳೆಯದಾಯಿತು. ಯಾವ ಮನೆಯಿಂದ ಎತ್ತಿಕೊಳ್ಳಬೇಕೆಂಬುದು ಆಯಾ ಶಾಲೆಯ ಅಂಗಳದಲ್ಲಿ ಆಯಾ ದಿನವೇ ತೀರ್ಮಾನವಾಗುತ್ತದೆ.

ನನ್ನ ಹಾಡಿನ ತಾಸಿನಲ್ಲಿ ಪೇಟಿ ಇದೆ, ಆದರೆ ಸ್ವರ ಕೊಟ್ಟು ಅದು ಸುಮ್ಮನಾಗುತ್ತದೆ. ಮೊದಲ ಹತ್ತು ನಿಮಿಷ ಹಾಡಿಲ್ಲ, ಆಟ. ಬಾವಿಗೆ ಕೊಡ ಇಳಿಸುವಂತೆ ದನಿಯನ್ನು ಮೇಲಿಂದ ಕೆಳಕ್ಕೆ ಜಾರಿಸುವುದು, ಮತ್ತೆ ಸೇದುವುದು. ಕುಕ್ಕರಿನ ಸೀಟಿ. ಗಾಳಿಪಟ. ಓಣಿಯ ಆ ತುದಿಯಿಂದ ‘ಅವ್ವಾ’ ಎಂದು ಕರೆಯುವುದು. ಈ ಕರೆಯನ್ನು ಗಮನಿಸಿದ್ದೀರಾ? ಮೇಲಿನ ಒಂದು ಸ್ವರದಿಂದ ಕೆಳಗಿನ ಇನ್ನೊಂದಕ್ಕೆ ಸಣ್ಣಗೆ ಇಳಿಯುತ್ತದೆ. ಗಂಟಲು ಬಿಗಿಯುವುದಿಲ್ಲ, ಶಾರ್ಙ್ಗದೇವ ಹೇಳಿದ ನೆತ್ತಿಯಲ್ಲೇ ದನಿ ಮೊಳಗುತ್ತದೆ. ಕೊಡಾಯ್ ಶಾಲೆಗಳ ಮೊದಲ ಪಾಠವೂ ಬಹುಮಟ್ಟಿಗೆ ಇದೇ ಎರಡು ಸ್ವರಗಳದ್ದು. ಲಂಡನ್ನಿನ ಗ್ರಹಾಂ ವೆಲ್ಚ್ ಮತ್ತು ಜೊತೆಯವರು 1990ರ ದಶಕದಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಗಳ ಮಕ್ಕಳನ್ನು ಕೆಲವು ವರ್ಷ ಬೆನ್ನುಹತ್ತಿ ನೋಡಿದಾಗ ಒಂದು ಸಂಗತಿ ಗೊತ್ತಾಯಿತು. ಐದಾರು ವರ್ಷದ ಮಕ್ಕಳು ಬಿಡಿ ಸ್ವರವನ್ನೋ ಜಾರುದನಿಯನ್ನೋ ಚೆನ್ನಾಗಿಯೇ ಹಿಡಿಯುತ್ತಾರೆ. ಅದೇ ಸ್ವರಗಳು ಮಾತು ಕೂಡಿದ ಹಾಡಾಗಿ ಬಂದಾಗ ತಪ್ಪುತ್ತಾರೆ. ಮಾತನ್ನು ಮೊದಲು ಕಲಿಯುತ್ತಾರೆ, ಧಾಟಿ ಹಿಂದಿನಿಂದ ಬರುತ್ತದೆ. ಇದನ್ನು ಓದಿದ ಮೇಲೆ ನಾನು ಹೊಸ ಪದ ಹೇಳಿಕೊಡುವಾಗ ಮಾತು ಬೇರೆ, ಧಾಟಿ ಬೇರೆ ಮಾಡಿದೆ. ಧಾಟಿಯನ್ನು ಬರೀ ‘ಲೂ’ ಎಂದು ಎರಡು ದಿನ ಹಾಡಿಸಿ, ಮಾತನ್ನು ಕತೆಯಂತೆ ಹೇಳಿಸಿ, ಮೂರನೆಯ ದಿನ ಕೂಡಿಸುತ್ತೇನೆ. ಗಂಟೆ ಹಾಳಾಯಿತೆಂದು ಯಾರೂ ಗೊಣಗಿಲ್ಲ.

ನಾಲ್ಕನೆಯ ಇಯತ್ತೆಗೆ ಬಂದ ಒಬ್ಬ ಹುಡುಗನ ದನಿ ಒಂದೇ ಕಡೆ ನಿಂತುಬಿಟ್ಟಿತ್ತು. "ನನಗ ಹಾಡಾಕ ಬರಂಗಿಲ್ರೀ ಅಕ್ಕೋರ" ಎಂದು ತಾನೇ ಮೊದಲು ಹೇಳಿಬಿಟ್ಟ. ಅವನ ಮನೆಯವರು ಸಂತೆಯಲ್ಲಿ ತರಕಾರಿ ಮಾರುತ್ತಾರೆ. ರಜೆಯ ದಿನ ಇವನೂ ಕೂಗುತ್ತಾನೆ. ಅವನು ನಿಂತ ಸ್ವರ ಯಾವುದೆಂದು ಪೇಟಿಯಲ್ಲಿ ಹುಡುಕಿದೆ, ಅದಕ್ಕೆ ನನ್ನ ದನಿ ಸೇರಿಸಿದೆ. ಇಬ್ಬರ ಸ್ವರವೂ ಒಂದಾಗಿ ಕೂಡಿದಾಗ ಕಿವಿಯಲ್ಲಿ ಒಂದು ಝೇಂಕಾರವಾಗುತ್ತದಲ್ಲ, ಅದನ್ನು ಅವನು ಅಂದೇ ಮೊದಲು ಕೇಳಿದನೆಂದು ಕಾಣುತ್ತದೆ, ನಕ್ಕ. ಅಲ್ಲಿಂದ ಅರ್ಧ ಸ್ವರ ಮೇಲೆ, ಮತ್ತೆ ಅರ್ಧ. ಉಳಿದ ಮಕ್ಕಳು ಬಾಯಿಮುಚ್ಚಿ ಗುಂಯ್‌ಗುಟ್ಟುತ್ತ ಅವನಿಗೆ ಶ್ರುತಿ ಹಿಡಿದರು. ದೀಪಾವಳಿಯ ಹೊತ್ತಿಗೆ ಮೂರು ಸ್ವರ, ಯುಗಾದಿಗೆ ಐದು. ಆ ವರ್ಷದ ಗ್ಯಾದರಿಂಗಿನಲ್ಲಿ ಅವನನ್ನು ನಡುವಿನ ಸಾಲಿನಲ್ಲಿ ನಿಲ್ಲಿಸಿದೆ.

ಅವನೀಗ ಏಳನೆಯ ಇಯತ್ತೆ. ಮೇಲುತುಟಿಯ ಮೇಲೆ ನವಿರು ಮೂಡಿದೆ, ಮಾತಾಡುವಾಗ ದನಿ ಒಮ್ಮೊಮ್ಮೆ ಜಾರಿ ಕೆಳಗೆ ಬೀಳುತ್ತದೆ. ದನಿ ಒಡೆಯುವ ಕಾಲದಲ್ಲಿ ಹುಡುಗರು ಹಾಡಬೇಕೋ ಬೇಡವೋ ಎಂದು ಬೆಂಕೆ ಮತ್ತು ಬ್ರೌನ್ 1885ರಷ್ಟು ಹಿಂದೆಯೇ ಊರೂರ ಹಾಡಿನ ಮಾಸ್ತರರಿಗೆ ಪತ್ರ ಬರೆದು ಕೇಳಿದ್ದರು. ಆಗ ಪೂರ್ತಿ ವಿಶ್ರಾಂತಿ ಕೊಡಬೇಕೆಂಬ ಪಕ್ಷ ಬಲವಾಗಿತ್ತು. ಹಿತವಾದ ನಾಲ್ಕಾರು ಸ್ವರಗಳೊಳಗೆ ಮೆಲ್ಲಗೆ ಹಾಡುತ್ತಿದ್ದರೆ ಕೆಡುಕಿಲ್ಲವೆಂದು ಇತ್ತೀಚಿನವರು ಹೇಳುತ್ತಾರೆ. ಅವನಿಗಾಗಿ ಅಂಥ ಪದಗಳನ್ನು ಒಂದು ವಹಿಯಲ್ಲಿ ಬರೆದಿಡುತ್ತಿದ್ದೇನೆ. ಏಳು ಸಿಕ್ಕಿವೆ, ಅದರಲ್ಲಿ ನಾಲ್ಕು ನಮ್ಮ ಅಮ್ಮನ ಬೀಸುವ ಪದಗಳು. ಹುಡುಗಿಯರ ಪದವೆಂದು ಮೊದಲ ದಿನ ಮೂಗು ಮುರಿದ. ಒಂದು ಸ್ಥಾಯಿ ಕೆಳಗೆ ಹಿಡಿದುಕೊಟ್ಟ ಮೇಲೆ ಒಪ್ಪಿಕೊಂಡ.